ಸಿನಿಮಾನೂ ನೋಡಬಹುದು

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ನಮ್ಮಂಥವರ ಮನೆಗೆ ಆಟದ ಹೆಸರಲ್ಲಿ ಬರುವುದೇ ಇಲ್ಲ. ಸಿನಿಮಾದ ಹೆಸರಲ್ಲಿ ಬರುತ್ತದೆ. "ಅಪ್ಪಾ, ಇದರಲ್ಲಿ ಸಿನಿಮಾನೂ ನೋಡಬಹುದು" ಅನ್ನುವ ಒಂದೇ ಮಾತಿಗೆ ಎಷ್ಟು ಜನ ಅಪ್ಪಂದಿರು ಕರಗಿಹೋಗಿದ್ದಾರೋ ಲೆಕ್ಕ ಇಟ್ಟವರಿಲ್ಲ. ಕಂಪ್ಯೂಟರ್ ಓದಿಗೆ ಅಂತ ಬಂತು, ಮೊಬೈಲ್ ಆನ್‌ಲೈನ್ ಕ್ಲಾಸಿಗೆ ಅಂತ ಬಂತು, ಸೋನಿಯವರ ಕನ್ಸೋಲ್ ಪ್ಲೇಸ್ಟೇಷನ್ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಸಿನಿಮಾ ನೋಡೋಕೆ ಅಂತ ಬಂತು. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ.

ನಮ್ಮ ಬಳಗದಲ್ಲಿ ಟಿವಿ, ಮೊಬೈಲ್, ವೈಫೈ ಅಂತ ಏನೇ ತಗೊಳ್ಳುವ ಮುಂಚೆ ನನಗೊಂದು ಫೋನು ಬರುತ್ತದೆ. ನಾನು ಹೇಳಿದ್ದನ್ನು ಯಾರೂ ತಗೊಳ್ಳುವುದಿಲ್ಲ, ಆದರೂ ಕೇಳುತ್ತಾರೆ. ಹಾಸನದಲ್ಲಿರುವ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿದ್ದ. "ಅಣ್ಣಾ, ಹಳೇ ಡಿವಿಡಿ ಪ್ಲೇಯರ್ ಮೂಲೆಗೆ ಹಾಕಿ ಪಿಎಸ್ ಫೈವ್, ಅದೇ ಪ್ಲೇಸ್ಟೇಷನ್ 5, ತಗೊಂಡ್ರೆ ಹೇಗೆ? ಒಂದೇ ದುಡ್ಡಲ್ಲಿ ಎರಡೂ ಕೆಲಸ ಆಗುತ್ತಂತಲ್ಲ." ಆಗುತ್ತಂತೆ ಅಂತ ಅವನಿಗೆ ಹೇಳಿದ್ದು ಯಾರು ಅಂತ ಕೇಳಬೇಕಾಗಿರಲಿಲ್ಲ. ಹಿಂದಿನಿಂದ ಅವನ ಮಗ ಪಿಸುಗುಟ್ಟುವುದು ಕೇಳಿಸುತ್ತಿತ್ತು: "ಫೋರ್‌ಕೆ ಅಂತ ಹೇಳಪ್ಪ, ದೊಡ್ಡಪ್ಪಂಗೆ ಫೋರ್‌ಕೆ ಅಂತ ಹೇಳು." ಫೋರ್‌ಕೆ ಅಂದರೆ ತುಂಬಾ ಸ್ಪಷ್ಟವಾದ ಚಿತ್ರ.

ಹುಡುಗನನ್ನು ಬೈಯುವ ಹಾಗಿಲ್ಲ. ಈ ನೆಪವನ್ನು ಅವನೇನೂ ಕಂಡುಹಿಡಿದಿಲ್ಲ, ಸೋನಿಯವರೇ ಕಲಿಸಿಕೊಟ್ಟಿದ್ದು. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2 ಬಂದಾಗ ಅದರ ಬೆಲೆ 39,800 ಯೆನ್. ಡಿವಿಡಿ ಆಗಿನ್ನೂ ಹೊಸದು, ಬರೀ ಪ್ಲೇಯರಿಗೇ ದುಡ್ಡು ಜಾಸ್ತಿ. ಹಾಗಾಗಿ ಆಟದ ಗೊಡವೆಯೇ ಇಲ್ಲದ ಎಷ್ಟೋ ಜನ ಅದನ್ನು ಡಿವಿಡಿ ಪ್ಲೇಯರ್ ಅಂತಲೇ ಕೊಂಡುಕೊಂಡು ಹೋದರು. ಆರು ವರ್ಷದ ನಂತರ ಅಮೆರಿಕದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಡಿವಿಡಿಗಿಂತ ಸ್ಪಷ್ಟವಾಗಿ ಸಿನಿಮಾ ತೋರಿಸುವ ಹೊಸ ಡಿಸ್ಕು ಬ್ಲೂ-ರೇ. 2006ರ ಜೂನ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಬ್ಲೂ-ರೇ ಪ್ಲೇಯರನ್ನು ಅಲ್ಲಿ ಸುಮಾರು ಸಾವಿರ ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತ್ತು. ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ಕ್ಕೆ 499 ಡಾಲರ್, ದೊಡ್ಡದಕ್ಕೆ 599. ಬರೀ ಸಿನಿಮಾ ತೋರಿಸುವ ಪೆಟ್ಟಿಗೆಗಿಂತ ಸಿನಿಮಾನೂ ತೋರಿಸಿ ಆಟಾನೂ ಆಡಿಸುವ ಪೆಟ್ಟಿಗೆ ಅಗ್ಗ! ಮಾರಿದ ಒಂದೊಂದು ಪೆಟ್ಟಿಗೆಯ ಮೇಲೂ ಸೋನಿಗೆ ನಷ್ಟವೇ. ಆದರೆ ಆಗ ಡಿವಿಡಿಯ ಜಾಗಕ್ಕಾಗಿ ತೋಷಿಬಾದ ಎಚ್‌ಡಿ ಡಿವಿಡಿಗೂ ಸೋನಿ ಕಡೆಯ ಬ್ಲೂ-ರೇಗೂ ಜಗಳ ನಡೆಯುತ್ತಿತ್ತು, ಪ್ಲೇಸ್ಟೇಷನ್ ಹೊಕ್ಕ ಮನೆಯಲ್ಲೆಲ್ಲ ಒಂದು ಬ್ಲೂ-ರೇ ಪ್ಲೇಯರ್ ಸದ್ದಿಲ್ಲದೆ ಹೋಗಿ ಕೂತಂತಾಯಿತು. 2008ರ ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಅಂದರೆ, ಮಕ್ಕಳು ಅಪ್ಪಂದಿರಿಗೆ ಹೇಳಿದ ನೆಪಕ್ಕೂ ಈ ಜಗಳ ಮುಗಿದದ್ದರಲ್ಲಿ ಒಂದು ಪಾಲು ಇದೆ.

ಎಲ್ಲ ಕನ್ಸೋಲಿನವರೂ ಈ ದಾರಿ ಹಿಡಿಯಲಿಲ್ಲ. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ 2001ರಲ್ಲಿ ಬಂದಾಗ ಅದಕ್ಕೆ ಡಿವಿಡಿ ಓದುವ ಶಕ್ತಿ ಇತ್ತು, ಆದರೆ ಸಿನಿಮಾ ನೋಡಬೇಕಾದರೆ ಬೇರೆ ದುಡ್ಡು ಕೊಟ್ಟು ರಿಮೋಟ್ ಕಿಟ್ ತಗೊಳ್ಳಬೇಕಿತ್ತು. ನಿಂಟೆಂಡೊ ವೀ ಅಂತೂ ಡಿವಿಡಿಯಷ್ಟೇ ಅಗಲದ ಡಿಸ್ಕು ನುಂಗುತ್ತಿತ್ತು, ಡಿವಿಡಿ ಸಿನಿಮಾ ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಆಟದ ಪೆಟ್ಟಿಗೆ, ಆಡೋದಾದರೆ ಆಡಿ ಅಂತ. ಅಪ್ಪಂದಿರಿಗೆ ಸುಳ್ಳು ಹೇಳದ ಏಕೈಕ ಕನ್ಸೋಲ್ ಅದೇ ಇರಬೇಕು.

ಇದೆಲ್ಲ ಜಪಾನ್, ಅಮೆರಿಕದ ಮಾತಾಯಿತು. ನಮ್ಮಲ್ಲಿ ವಿಷಯವೇ ಬೇರೆ. ಅಲ್ಲಿ ಡಿವಿಡಿ ಬಂದು ಹೋಗಿ ಬ್ಲೂ-ರೇ ಬರುವ ಹೊತ್ತಿಗೂ ನಮ್ಮ ಮನೆಗಳಲ್ಲಿ ರಾಜ್ಯಭಾರ ಮಾಡುತ್ತಿದ್ದದ್ದು ವಿಸಿಡಿ. ಮಾಮೂಲಿ ಸಿಡಿಯಲ್ಲೇ ವಿಡಿಯೋ ತುಂಬಿದ್ದು ಅದು, ಒಂದಕ್ಕೆ ಎಂಬತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತಿರಲಿಲ್ಲ. ಅದಕ್ಕೇ ಕನ್ನಡ ಸಿನಿಮಾ ಅಂದರೆ ಎರಡು ಸಿಡಿ, ಉದ್ದದ್ದಾದರೆ ಮೂರು, ಇಂಟರ್ವಲ್ಲಿಗೆ ಯಾರಾದರೂ ಎದ್ದು ಹೋಗಿ ಸಿಡಿ ಬದಲಿಸಬೇಕು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಮಾರಲು ಶುರುಮಾಡಿದ ಮೇಲೆ ಕಿರಾಣಿ ಅಂಗಡಿಯಲ್ಲೂ ಸಿನಿಮಾ ಸಿಗುವ ಕಾಲ ಬಂತು. ಅದಕ್ಕೂ ಅಗ್ಗವಾಗಿ ಬೇಕು ಅನ್ನುವವರಿಗೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಇದ್ದೇ ಇತ್ತು, ಆ ವಿಷಯ ಇಲ್ಲಿ ಬೇಡ.

ಈ ವಿಸಿಡಿಯನ್ನು ಪ್ಲೇಸ್ಟೇಷನ್ 2 ಓದುತ್ತಿರಲಿಲ್ಲ. ಪ್ಲೇಸ್ಟೇಷನ್ 4 ಮತ್ತು 5 ಅಂತೂ ಸಿಡಿ ಜಾತಿಯ ಯಾವ ಡಿಸ್ಕನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಡಿನ ಸಿಡಿಯನ್ನೂ ಸಹ. 100 ಜಿಬಿಯ ಫೋರ್‌ಕೆ ಡಿಸ್ಕು ನೀರು ಕುಡಿದಂತೆ ಓದುವ ಪಿಎಸ್ 5ಕ್ಕೂ 700 ಎಂಬಿಯ ಸಿಡಿ ಕಂಡರೆ ಆಗುವುದಿಲ್ಲ.

ಇದೇನು ದೊಡ್ಡ ವಿಷಯ, ಈಗ ಯಾರು ಸಿಡಿ ಹಾಕ್ತಾರೆ ಅಂತೀರಾ? ನಾನೂ ತಮ್ಮನಿಗೆ ಒಂದೇ ಪ್ರಶ್ನೆ ಕೇಳಿದೆ. "ನಿಮ್ಮ ಶೋಕೇಸ್ ತೆಗೆದು ನೋಡು, ಡಿಸ್ಕು ಯಾವ್ಯಾವುದಿದೆ ಓದು." ಅವನು ಫೋನಲ್ಲೇ ಒಂದೊಂದಾಗಿ ಓದಿದ. ರಾಜ್‌ಕುಮಾರ್ ಸಿನಿಮಾಗಳು, ಅಪ್ಪಟ ಹಳೇ ವಿಸಿಡಿ. ಚಿಕ್ಕಮ್ಮನ ಯಕ್ಷಗಾನ ಪ್ರಸಂಗ, ಭಾಗ ಒಂದು ಇದೆ, ಭಾಗ ಎರಡು ಯಾರೋ ತಗೊಂಡು ಹೋಗಿ ಕೊಟ್ಟಿಲ್ಲ. ಇಂಗ್ಲಿಷ್ ಕಾರ್ಟೂನ್ ಡಿವಿಡಿ ಒಂದು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. "ಮದುವೆದು ಇದೆ," ಅಂದ. ಅದು ಮೂರು ಸಿಡಿ. ಫೋಟೋಗ್ರಾಫರ್ ಅಂಗಡಿಯ ಹೆಸರು ಬಂಗಾರದ ಬಣ್ಣದಲ್ಲಿ, ಅದರ ಕೆಳಗೆ ಹೃದಯದ ಆಕಾರದೊಳಗೆ ಗಂಡುಹೆಣ್ಣಿನ ಫೋಟೋ, ಮೇಲೆ ಸ್ಕೆಚ್ ಪೆನ್ನಿನಲ್ಲಿ ವರಪೂಜೆ, ಧಾರೆ, ಆರತಕ್ಷತೆ ಅಂತ ಬರೆದದ್ದು. ಅದರಲ್ಲಿ ಚಿಕ್ಕಪ್ಪ ಇದ್ದಾರೆ, ಧಾರೆಯ ಹೊತ್ತಲ್ಲಿ ಅಡುಗೆಯವರ ಮೇಲೆ ರೇಗುತ್ತಾ ಪಂಚೆ ಎತ್ತಿ ಕಟ್ಟಿಕೊಂಡು ಕ್ಯಾಮೆರಾಗೆ ಅಡ್ಡ ಓಡಾಡಿದ್ದಾರೆ. ಈಗ ಅವರಿಲ್ಲ. ಅಷ್ಟೊಂದು ದುಡ್ಡಿನ ಯಂತ್ರ ಮನೆಗೆ ಬಂದರೆ ನೋಡಲಾಗದೆ ಉಳಿಯುವುದು ಈ ಮೂರೇ ಡಿಸ್ಕು, ಉಳಿದದ್ದೆಲ್ಲ ಯೂಟ್ಯೂಬಿನಲ್ಲಿ ಸಿಗುತ್ತದೆ.

ಇನ್ನು ಕೈಯಲ್ಲಿ ಹಿಡಿಯುವ ವಸ್ತುವಿನ ವಿಚಾರ. ಡಿವಿಡಿ ಪ್ಲೇಯರಿನ ರಿಮೋಟು ಮನೆಯಲ್ಲಿ ಎಲ್ಲರಿಗೂ ಸೇರಿದ್ದು. ಪ್ಲಾಸ್ಟಿಕ್ ಕವರು ಹಾಕಿ ರಬ್ಬರ್ ಬ್ಯಾಂಡು ಸುತ್ತಿರುತ್ತದೆ, ನಂಬರೆಲ್ಲ ಅಳಿಸಿಹೋಗಿದ್ದರೂ ಅತ್ತೆಗೆ ಕತ್ತಲಲ್ಲೂ ಪಾಸ್ ಬಟನ್ ಸಿಗುತ್ತದೆ. ಕನ್ಸೋಲಿನ ಕಂಟ್ರೋಲರ್ ಹಾಗಲ್ಲ. ತ್ರಿಕೋನ, ವೃತ್ತ, ಚೌಕ, ಇಂಟು ಮಾರ್ಕು. ಅದನ್ನು ಹಿಡಿದುಕೊಂಡ ಹಿರಿಯರ ಮುಖ ನೋಡಬೇಕು, ಯಾರದ್ದೋ ಕೂಸನ್ನು ಒಂದು ನಿಮಿಷ ಹಿಡ್ಕೊಳ್ಳಿ ಅಂತ ಕೊಟ್ಟುಹೋದ ಹಾಗಿರುತ್ತದೆ. ಅದರ ಮುಂದಿನ ಅಂಚಿನಲ್ಲಿ ಎರಡು ಟ್ರಿಗ್ಗರ್ ಇವೆ. ಆಟದಲ್ಲಿ ಗುಂಡು ಹಾರಿಸಲಿಕ್ಕೆ, ಕಾರಿನ ವೇಗ ಏರಿಸಲಿಕ್ಕೆ. ಪ್ಲೇಸ್ಟೇಷನ್ 3 ಮತ್ತು 4ರಲ್ಲಿ ಸಿನಿಮಾ ಹಾಕಿದಾಗ ಅದೇ ಟ್ರಿಗ್ಗರ್ ಸಿನಿಮಾವನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತದೆ. ಸೋಫಾದ ಮೇಲೆ ಇಟ್ಟು ಮರೆತು ಅದರ ಮೇಲೇ ಯಾರಾದರೂ ಒರಗಿದರೆ ಮುಗಿಯಿತು, ನಾಯಕನ ತಾಯಿ ಸಾಯುವ ದೃಶ್ಯ ಕಣ್ಣೊರೆಸಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ಓಡಿಹೋಗುತ್ತದೆ. ಫೋನು ಬಂತು ನಿಲ್ಲಿಸೋಣ ಅಂದರೆ ಕಂಟ್ರೋಲರ್ ಆಗಲೇ ನಿದ್ದೆ ಮಾಡಿರುತ್ತದೆ. ಅದನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಫೋನೂ ನಿಂತಿರುತ್ತದೆ. ಬೇರೆ ರಿಮೋಟು ಸಿಗುತ್ತದೆ ನಿಜ, ಅದಕ್ಕೆ ಬೇರೆ ದುಡ್ಡು.

ಕರೆಂಟು ಜಾಸ್ತಿ ತಿನ್ನುತ್ತೆ ಅಂತ ಕೆಲವರು ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಮೊದಲ ಪ್ಲೇಸ್ಟೇಷನ್ 3 ಸಿನಿಮಾ ತೋರಿಸಲಿಕ್ಕೇ ನೂರೈವತ್ತು ವ್ಯಾಟಿನ ಮೇಲೆ ಎಳೆಯುತ್ತಿತ್ತು, ಬರೀ ಪ್ಲೇಯರಿಗೆ ಇಪ್ಪತ್ತು ಮೂವತ್ತು ಸಾಕು. ಎರಡೂವರೆ ಗಂಟೆಯ ಸಿನಿಮಾಕ್ಕೆ ಅರ್ಧ ಯೂನಿಟ್ಟೂ ವ್ಯತ್ಯಾಸ ಬರುವುದಿಲ್ಲ. ಒಂದು ಲೋಟ ಟೀ ದುಡ್ಡೂ ಅಲ್ಲ. ತೊಂದರೆ ಇರುವುದು ಫ್ಯಾನಿನ ಸದ್ದಿನಲ್ಲಿ. ಸೆಖೆಗಾಲದಲ್ಲಿ ಶೋಕೇಸಿನ ಗಾಜಿನ ಬಾಗಿಲೊಳಗೆ ಕೂರಿಸಿದ ಹಳೇ ಕನ್ಸೋಲ್ ಮೆಲುದನಿಯ ದೃಶ್ಯ ಬಂದಾಗಲೇ ಹೆಲಿಕಾಪ್ಟರ್ ಎಬ್ಬಿಸುತ್ತದೆ.

ಅಮೆರಿಕದಲ್ಲಿರುವ ಅಳಿಯ ತಂದುಕೊಡ್ತಾನೆ, ಅಲ್ಲಿ ಅಗ್ಗ ಅನ್ನುವವರೂ ಇದ್ದಾರೆ. ಆಟಕ್ಕಾದರೆ ತರಿಸಿಕೊಳ್ಳಿ, ಪಿಎಸ್ 5 ಆಟಗಳಿಗೆ ದೇಶದ ಬೇಲಿ ಇಲ್ಲ. ಸಿನಿಮಾಕ್ಕೆ ಇದೆ, ಒಂದು ವಲಯದ ಡಿಸ್ಕು ಇನ್ನೊಂದು ವಲಯದ ಯಂತ್ರದಲ್ಲಿ ಓಡುವುದಿಲ್ಲ. ಡಿವಿಡಿಗೆ ಅಮೆರಿಕ 1ನೇ ವಲಯ, ನಾವು 5. ಬ್ಲೂ-ರೇಗೆ ಅವರು ಎ, ನಾವು ಸಿ. ನಮ್ಮೂರ ಅಗ್ಗದ ಡಿವಿಡಿ ಪ್ಲೇಯರ್‌ಗಳಿಗೆ ಈ ಮಡಿಮೈಲಿಗೆ ಇರಲೇ ಇಲ್ಲ. ರಿಮೋಟಿನಲ್ಲಿ ಯಾವುದೋ ಗುಟ್ಟಿನ ನಂಬರು ಒತ್ತಿದರೆ ಎಲ್ಲ ವಲಯದ ಡಿಸ್ಕೂ ಓಡುತ್ತಿತ್ತು, ಎಷ್ಟೋ ಸಲ ಅಂಗಡಿಯವನೇ ಒತ್ತಿ ಕೊಡುತ್ತಿದ್ದ. ಕನ್ಸೋಲಿಗೆ ಅಂಥ ದಾಕ್ಷಿಣ್ಯ ಇಲ್ಲ. ಫೋರ್‌ಕೆ ಡಿಸ್ಕಿಗೆ ಮಾತ್ರ ಪುಣ್ಯಕ್ಕೆ ವಲಯ ಇಲ್ಲ.

ಫೋರ್‌ಕೆ ಅಂತ ಹುಡುಗ ಪಿಸುಗುಟ್ಟಿದನಲ್ಲ, ಅವನ ಮಾತಲ್ಲೂ ನ್ಯಾಯ ಇದೆ. ಡಿಸ್ಕ್ ಇರುವ ಪಿಎಸ್ 5 ಫೋರ್‌ಕೆ ಬ್ಲೂ-ರೇಯನ್ನು ಚೆನ್ನಾಗೇ ತೋರಿಸುತ್ತದೆ. ಬಣ್ಣ, ಬೆಳಕನ್ನು ಇನ್ನಷ್ಟು ಚೆಂದ ಮಾಡುವ ಡಾಲ್ಬಿ ವಿಷನ್ ಇಲ್ಲ, ಅದನ್ನು ಕೇಳುವವರು ನಮ್ಮ ಬಳಗದಲ್ಲಿ ಇಲ್ಲ. ಆದರೆ ಅಂಥ ಡಿಸ್ಕು ಹಾಸನದಲ್ಲಿ ಎಲ್ಲಿ ಸಿಗುತ್ತದೆ? ಬೆಂಗಳೂರಿನಲ್ಲೇ ಹುಡುಕಬೇಕು. ಬರೀ ಡಿಸ್ಕಿಗೆ ಅಂತ ಒಳ್ಳೆಯ ಪ್ಲೇಯರ್ ಮಾಡುತ್ತಿದ್ದವರೂ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ. 2018ರಲ್ಲಿ ಒಪ್ಪೊ ಡಿಜಿಟಲ್ ನಿಲ್ಲಿಸಿತು, ಮರುವರ್ಷ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಪ್ಲೇಯರ್ ತರುವುದಿಲ್ಲ ಅಂದಿತು. ಸಿನಿಮಾದ ಹೆಸರು ಹೇಳಿ ಮನೆಯೊಳಗೆ ಬಂದ ಕನ್ಸೋಲಿಗೂ ಈಗ ಆ ನೆಪ ಬೇಕಾಗಿಲ್ಲ. ಪಿಎಸ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಇದ್ದದ್ದಕ್ಕೆ 49,990, ಇಲ್ಲದ್ದಕ್ಕೆ ಹತ್ತು ಸಾವಿರ ಕಡಿಮೆ ಇತ್ತು. 2024ರ ಪ್ರೊ ಮಾಡೆಲಿಗೆ ಡಿಸ್ಕ್ ಡ್ರೈವೇ ಇಲ್ಲ, ಬೇಕಾದವರು ಬೇರೆ ಕೊಂಡು ಅಂಟಿಸಿಕೊಳ್ಳಬೇಕು, ಅಂಟಿಸಿದ ಮೇಲೆ ಇಂಟರ್‌ನೆಟ್ಟಿಗೆ ಜೋಡಿಸಿ ಒಪ್ಪಿಗೆ ಪಡೆಯಬೇಕು. ಇನ್ನು ಮುಂದಿನ ಮಕ್ಕಳು ಅಪ್ಪಂದಿರಿಗೆ ಏನು ಹೇಳುತ್ತಾರೋ ನೋಡಬೇಕು.

ತಮ್ಮನಿಗೆ ಹೇಳಿದ್ದಿಷ್ಟು. ಮಗನಿಗೆ ಆಟ ಆಡಲಿಕ್ಕೆ ಕೊಡಿಸುತ್ತೀಯಾದರೆ ಆಟಕ್ಕೆ ಅಂತಲೇ ಕೊಡಿಸು, ಸಿನಿಮಾದ ಹೆಸರು ಬೇಡ. ಇಲ್ಲದಿದ್ದರೆ ಭಾನುವಾರ ಸಾಯಂಕಾಲ ನೀನು ಸಿನಿಮಾ ಹಾಕು ಅಂತೀಯ, ಅವನು ಈ ಲೆವೆಲ್ ಮುಗಿಸಿಬಿಡ್ತೀನಿ ಅಂತಾನೆ, ಚಿಕ್ಕಮ್ಮ ಧಾರಾವಾಹಿ ಅಂತಾರೆ, ಮೂವರದ್ದೂ ಜಗಳ ಬಗೆಹರಿಸೋಕೆ ಮತ್ತೆ ನನಗೇ ಫೋನು. ಡಿಸ್ಕ್ ಇರುವುದೇ ತಗೋ, ಆಟ ಹಳೇದಾದ ಮೇಲೆ ಮಾರಬಹುದು, ಗೆಳೆಯರ ಹತ್ತಿರ ಬದಲಿಸಿಕೊಳ್ಳಬಹುದು, ಡೌನ್‌ಲೋಡ್ ಮಾಡಿದ ಆಟಕ್ಕೆ ಆ ಭಾಗ್ಯ ಇಲ್ಲ. ಹಳೇ ಪ್ಲೇಯರನ್ನು ಗುಜರಿಗೆ ಹಾಕಬೇಡ.

"ಅದರ ಟ್ರೇ ಹೊರಗೆ ಬರಲ್ಲ ಅಣ್ಣಾ, ಕುಟ್ಟಿದರೂ ಬರಲ್ಲ."

ಬರುವುದಿಲ್ಲ, ಯಾಕೆಂದರೆ ಒಳಗೆ ಟ್ರೇ ಎಳೆಯುವ ಸಣ್ಣ ರಬ್ಬರ್ ಬೆಲ್ಟು ಇರುತ್ತದೆ, ವರ್ಷಗಟ್ಟಲೆ ಸುಮ್ನೆ ಇಟ್ಟರೆ ಸಡಿಲ ಆಗುತ್ತದೆ. ಟಿವಿ ರಿಪೇರಿಯವರ ಹತ್ತಿರ ಕೊಟ್ಟರೆ ಹಾಕಿಕೊಡುತ್ತಾರೆ, ಬೆಲ್ಟಿಗಿಂತ ಅವರ ಕೈಗೇ ಜಾಸ್ತಿ ಕೊಡಬೇಕಾಗುತ್ತದೆ. ಅಲ್ಲಿಗೆ ಹೋದಾಗ ಮದುವೆ ಸಿಡಿ ಮೂರನ್ನೂ ಪೆನ್‌ಡ್ರೈವಿಗೆ ಹಾಕಿಸಿಬಿಡು ಅಂದೆ. ಹೂಂ ಅಂದ. ಹಿಂದಿನಿಂದ ಮತ್ತೆ ಪಿಸುಮಾತು ಕೇಳಿಸಿತು: "ಪೆನ್‌ಡ್ರೈವ್ ಪಿಎಸ್ ಫೈವಿಗೂ ಹಾಕಬಹುದಪ್ಪ."