ಲೆನಾಕ್ಸ್ ಅಕ್ಕತಂಗಿಯರು

ಜಾರ್ಜಿಯನ್ ಕಾಲದ, ಅಂದರೆ ಹೆಚ್ಚುಕಮ್ಮಿ ಹದಿನೆಂಟನೇ ಶತಮಾನದ ಇಂಗ್ಲೆಂಡ್ ಅಂದರೆ ಈಗ ಎಲ್ಲರಿಗೂ ಓಟಿಟಿಯ ಧಾರಾವಾಹಿಗಳೇ ನೆನಪಾಗುತ್ತವೆ. ದೀಪಗಳು, ಗೌನು, ನೃತ್ಯಕೂಟ, ಒಬ್ಬನೇ ಶ್ರೀಮಂತ ಗಂಡಿಗಾಗಿ ಒಳಗೊಳಗೇ ಮಸಲತ್ತು ಮಾಡುವ ಹೆಣ್ಣುಮಕ್ಕಳು. ನನ್ನ ತಕರಾರು ಇರುವುದು ಈ ಕೊನೆಯ ವಿಷಯಕ್ಕೆ. ಹೆಣ್ಣಿಗೆ ಹೆಣ್ಣೇ ಶತ್ರು ಅನ್ನುವ ಸವಕಲು ಮಾತನ್ನು ಆ ಕಾಲದ ಮೇಲೂ ಹೇರಿಬಿಟ್ಟಿದ್ದೇವೆ. ಆ ಮನೆಗಳ ಹೆಂಗಸರು ಬರೆದ ಕಾಗದಗಳನ್ನು ಓದುತ್ತಾ ಹೋದರೆ ಕಾಣುವುದು ಇದಕ್ಕೆ ತದ್ವಿರುದ್ಧವಾದ ಚಿತ್ರ. ಮದುವೆಯೂ ಕಾನೂನೂ ಸಮಾಜವೂ ಕೈಬಿಟ್ಟಾಗ ಅವರನ್ನು ಹಿಡಿದುಕೊಂಡಿದ್ದು ಅಕ್ಕತಂಗಿಯರು ಮತ್ತು ಗೆಳತಿಯರು. ನನಗೆ ತುಂಬಾ ಹತ್ತಿರವಾದ ಒಂದು ಮನೆಯ ಕಥೆ ಹೇಳುತ್ತೇನೆ.

ರಿಚ್ಮಂಡ್‌ನ ಎರಡನೇ ಡ್ಯೂಕ್ ಚಾರ್ಲ್ಸ್ ಲೆನಾಕ್ಸ್, ಎರಡನೇ ಚಾರ್ಲ್ಸ್ ದೊರೆಯ ಮೊಮ್ಮಗ. ನ್ಯೂಕಾಸಲ್‌ನಿಂದ ಹೊರಡುವ ಕಲ್ಲಿದ್ದಲಿನ ಸುಂಕದಲ್ಲಿ ಈ ಮನೆತನಕ್ಕೆ ಪಾಲಿತ್ತು, ಹಾಗಾಗಿ ದುಡ್ಡಿಗೆ ಬರವಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಹಿರಿಯಳು ಕ್ಯಾರೊಲಿನ್, ಆಮೇಲೆ ಎಮಿಲಿ, ಲೂಯಿಸಾ, ಸಾರಾ, ಕೊನೆಗೆ ಸಿಸಿಲಿಯಾ. ಕ್ಯಾರೊಲಿನ್‌ಗೂ ಸಾರಾಗೂ ಇಪ್ಪತ್ತೆರಡು ವರ್ಷದ ಅಂತರ.

ಮೊದಲು ಗೆರೆ ದಾಟಿದವಳು ಕ್ಯಾರೊಲಿನ್. ತನಗಿಂತ ಹದಿನೆಂಟು ವರ್ಷ ದೊಡ್ಡವನಾದ ರಾಜಕಾರಣಿ ಹೆನ್ರಿ ಫಾಕ್ಸ್‌ನನ್ನು 1744ರಲ್ಲಿ ಗುಟ್ಟಾಗಿ ಮದುವೆಯಾದಳು. ಅಪ್ಪ ಅಮ್ಮ ನೋಡಿದ ವರನ ಮುಂದೆ ಕೂರಬೇಕಾದ ದಿನ ಹುಬ್ಬು ಬೋಳಿಸಿಕೊಂಡಳಂತೆ, ಯಾರೆದುರೂ ನಿಲ್ಲಿಸಲಾಗದಿರಲಿ ಅಂತ. ತಂದೆ ತಾಯಿ ನಾಲ್ಕು ವರ್ಷ ಅವಳ ಮುಖ ನೋಡಲಿಲ್ಲ.

ಅದರ ಸಿಟ್ಟು ಡ್ಯೂಕನ ಉಯಿಲಿನಲ್ಲೂ ಉಳಿದುಕೊಂಡಿತ್ತು. 1750ರಲ್ಲಿ ಅವನು ಸತ್ತ, ಮರುವರ್ಷ ಡಚೆಸ್ಸೂ ಹೋದಳು. ಚಿಕ್ಕ ಮೂವರು ಹೆಣ್ಣುಮಕ್ಕಳು ಹೋಗಿದ್ದು ಲಂಡನ್ನಿನಲ್ಲೇ ಇದ್ದ ಹಿರಿಯಕ್ಕನ ಮನೆಗಲ್ಲ, ಸಮುದ್ರದಾಚೆ ಐರ್ಲೆಂಡಿನಲ್ಲಿ ಕಿಲ್ಡೇರ್‌ನ ಅರ್ಲ್‌ನ ಹೆಂಡತಿಯಾಗಿದ್ದ ಎಮಿಲಿಯ ಮನೆಗೆ. ಎಮಿಲಿಗೆ ಆಗ ಇಪ್ಪತ್ತರ ಆಸುಪಾಸು. ಲೂಯಿಸಾಗೆ ಎಂಟು, ಸಾರಾಗೆ ಆರು, ಸಿಸಿಲಿಯಾ ಇನ್ನೂ ಕೂಸು. ತನ್ನ ಮಕ್ಕಳ ಜೊತೆಗೆ ತಂಗಿಯರನ್ನೂ ಕಾರ್ಟನ್‌ನ ದೊಡ್ಡ ಮನೆಯಲ್ಲಿ ಸಾಕಿದಳು. ತವರು ಮುರಿದುಬಿದ್ದ ಮೇಲೆ ಈ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ತವರಾದರು. ಮುಂದಿನ ಎಪ್ಪತ್ತು ವರ್ಷದ ಅವರ ಬದುಕಿಗೆಲ್ಲ ಮೂಲ ಇದೇ ಅಂತ ನನಗನಿಸುತ್ತದೆ. ಎಮಿಲಿಯನ್ನು ಲೂಯಿಸಾ ಕೊನೆತನಕ ಅಕ್ಕನಿಗಿಂತ ಹೆಚ್ಚಾಗಿ ತಾಯಿಯ ಹಾಗೆ ಕಂಡಳು.

ಅವರನ್ನು ಹೆಣೆದಿಟ್ಟಿದ್ದು ಕಾಗದ. ಆಗ ಅಂಚೆ ದುಬಾರಿ, ಸಾಮಾನ್ಯವಾಗಿ ಪತ್ರ ಪಡೆದವರೇ ಹಣ ಕೊಡಬೇಕು. ಆದರೆ ಲಾರ್ಡುಗಳೂ ಪಾರ್ಲಿಮೆಂಟ್ ಸದಸ್ಯರೂ ಹೊರಗಡೆ ಸಹಿ ಹಾಕಿದರೆ ಪತ್ರ ಪುಕ್ಕಟೆ. ಗಂಡಂದಿರ ಆ ಸವಲತ್ತನ್ನು ಈ ಹೆಂಗಸರು ಮನಸಾರೆ ಬಳಸಿಕೊಂಡರು. ವೇಲ್ಸಿನ ಬಂದರು ಹೋಲಿಹೆಡ್‌ನಿಂದ ಡಬ್ಲಿನ್‌ಗೆ ಹಡಗು ಗಾಳಿ ನೋಡಿಕೊಂಡೇ ಹೊರಡಬೇಕು. ಗಾಳಿ ಕೆಟ್ಟರೆ ಕಾಗದವಿಲ್ಲ, ಆಮೇಲೆ ಒಂದೇ ಸಲಕ್ಕೆ ಕಟ್ಟು. ಎಮಿಲಿ ಜೋಪಾನ ಮಾಡಿದ್ದರಿಂದ ಸಾವಿರಕ್ಕೂ ಮಿಕ್ಕಿ ಪತ್ರಗಳು ಇವತ್ತಿಗೂ ಉಳಿದಿವೆ. ಮಗುವಿನ ಕೆಮ್ಮು, ಮತ್ತೆ ನಿಂತ ಮುಟ್ಟು, ಪಾರ್ಲಿಮೆಂಟಿನ ಜಗಳ, ರೇಷ್ಮೆಯ ಬಣ್ಣ, ಸತ್ತ ಮಗುವಿನ ದುಃಖ ಎಲ್ಲ ಒಂದೇ ಹಾಳೆಯಲ್ಲಿ. ಇದನ್ನು ಹರಟೆ ಅಂತ ತಳ್ಳಿಹಾಕುವವರ ಮೇಲೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಎಮಿಲಿ ಹೆತ್ತಿದ್ದು ಇಪ್ಪತ್ತೆರಡು ಮಕ್ಕಳನ್ನು, ಅದರಲ್ಲಿ ಎಷ್ಟೋ ಮಕ್ಕಳನ್ನು ಮಣ್ಣಿಗಿಟ್ಟಳು. ಅಂಥ ಮೈಯಲ್ಲಿ ಬದುಕುವುದು ಹೇಗೆ ಅಂತ ಬಿಚ್ಚಿ ಮಾತಾಡಲು ಅವಳಿಗೆ ಅಕ್ಕತಂಗಿಯರನ್ನು ಬಿಟ್ಟರೆ ಯಾರಿದ್ದರು?

ಸಾರಾಳ ವಿಷಯಕ್ಕೆ ಬರುತ್ತೇನೆ. ಹದಿನಾರರ ಈ ಹುಡುಗಿಯ ಮೇಲೆ ಹೊಸ ದೊರೆ ಮೂರನೇ ಜಾರ್ಜ್‌ಗೆ ಮನಸ್ಸಾಗಿತ್ತು. ಆದರೆ 1761ರಲ್ಲಿ ಜರ್ಮನಿಯ ರಾಜಕುಮಾರಿಯನ್ನು ಕರೆಸಿ ಮದುವೆಯಾದ, ಸಾರಾ ಆ ಮದುವೆಯಲ್ಲಿ ವಧುವಿನ ಸಖಿಯಾಗಿ ನಿಲ್ಲಬೇಕಾಯಿತು. ಅವಳ ಭಾವ ಹೆನ್ರಿ ಫಾಕ್ಸ್ ಬರೆದಿಟ್ಟಿರುವ ಪ್ರಕಾರ, ಆ ದಿನಗಳಲ್ಲಿ ಅವಳು ಸಾಕಿದ ಅಳಿಲು ಕಾಯಿಲೆ ಬಿದ್ದು ಸತ್ತಿತು. ದೊರೆಗಾಗಿ ಆಗಿದ್ದಕ್ಕಿಂತ ಹೆಚ್ಚು ದುಃಖ ಅವಳಿಗೆ ಆಗಿದ್ದು ಅಳಿಲಿಗಾಗಿಯೇ. ಮರುವರ್ಷ ಸರ್ ಚಾರ್ಲ್ಸ್ ಬನ್‌ಬರಿಯನ್ನು ಮದುವೆಯಾದಳು. ಆತನಿಗೆ ಹೆಂಡತಿಗಿಂತ ರೇಸ್ ಕುದುರೆಗಳ ಮೇಲೆ ಪ್ರೀತಿ, 1780ರಲ್ಲಿ ನಡೆದ ಮೊಟ್ಟಮೊದಲ ಡರ್ಬಿ ಗೆದ್ದಿದ್ದು ಅವನ ಕುದುರೆಯೇ. 1768ರ ಕೊನೆಗೆ ಸಾರಾ ಒಂದು ಹೆಣ್ಣುಮಗು ಹೆತ್ತಳು. ಅದರ ತಂದೆ ಲಾರ್ಡ್ ವಿಲಿಯಂ ಗಾರ್ಡನ್. ಕೆಲವೇ ವಾರಗಳಲ್ಲಿ ಗಂಡನ ಮನೆ ಬಿಟ್ಟು, ಕೂಸಿನ ಸಮೇತ ಅವನ ಜೊತೆ ಹೊರಟಳು. ಅದೂ ಹೆಚ್ಚು ದಿನ ನಡೆಯಲಿಲ್ಲ.

ಆಗಿನ ಕಾನೂನು ಹೇಗಿತ್ತು ಅಂದರೆ, ಮಕ್ಕಳು ಅಪ್ಪನವು, ತಾಯಿಗೆ ಹಕ್ಕೇ ಇಲ್ಲ. ತಾಯಿ ಕೋರ್ಟಿಗೆ ಹೋಗಿ ಮಗುವನ್ನು ಕೇಳಬಹುದು ಅಂತಾಗಿದ್ದೇ 1839ರಲ್ಲಿ. ಮದುವೆಯೊಳಗೆ ಹುಟ್ಟಿದ ಕೂಸು ಕಾನೂನಿನ ಲೆಕ್ಕದಲ್ಲಿ ಗಂಡನದೇ. ಬನ್‌ಬರಿ ಹಠ ಹಿಡಿದಿದ್ದರೆ ಆ ಕೂಸನ್ನು ಕಿತ್ತುಕೊಳ್ಳಬಹುದಿತ್ತು, ಆತ ಹಾಗೆ ಮಾಡಲಿಲ್ಲ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ. ಸಾರಾಳನ್ನು ಅಣ್ಣ, ಮೂರನೇ ಡ್ಯೂಕ್, ತನ್ನ ಗುಡ್‌ವುಡ್ ಎಸ್ಟೇಟಿಗೆ ಕರೆದುಕೊಂಡ. ಸುಮಾರು ಹನ್ನೆರಡು ವರ್ಷ ಮಗಳೊಂದಿಗೆ ಅಲ್ಲೇ ಕಳೆದಳು. ಪಾರ್ಲಿಮೆಂಟಿನಲ್ಲಿ ವಿಚ್ಛೇದನ ಆಗಿದ್ದು 1776ರಲ್ಲಿ. ಹೊರಗಿನ ಬಾಗಿಲುಗಳೆಲ್ಲ ಮುಚ್ಚಿಕೊಂಡಿದ್ದ ಆ ವರ್ಷಗಳಲ್ಲಿ ಲೂಯಿಸಾ ತಂಗಿಯ ಕೈ ಬಿಡಲಿಲ್ಲ.

ಇನ್ನೊಬ್ಬಳು ಸೂಸನ್, ಸಾರಾಳ ಬಾಲ್ಯದ ಗೆಳತಿ. ಇಲ್ಚೆಸ್ಟರ್ ಅರ್ಲ್‌ನ ಮಗಳಾಗಿ ಹುಟ್ಟಿ 1764ರಲ್ಲಿ ವಿಲಿಯಂ ಓಬ್ರಿಯನ್ ಎಂಬ ಐರಿಷ್ ನಾಟಕದ ನಟನ ಜೊತೆ ಓಡಿಹೋದಳು. ನಟನನ್ನು ಮದುವೆಯಾಗುವುದೆಂದರೆ ಮನೆತನಕ್ಕೆ ಮಸಿ. ಮನೆಯವರು ಗಂಡ ಹೆಂಡತಿ ಇಬ್ಬರನ್ನೂ ಅಮೆರಿಕಕ್ಕೆ ಸಾಗಹಾಕಿದರು. ಸಾರಾ ಅವಳಿಗೆ ಬರೆಯುತ್ತಲೇ ಇದ್ದಳು. ಕೆಲವು ವರ್ಷಗಳಲ್ಲೇ ಸಾರಾಳ ಬದುಕೂ ಬೀದಿಗೆ ಬಿತ್ತು. ಊರೆಲ್ಲ ಆಡಿಕೊಂಡ ಇಬ್ಬರು ಹೆಂಗಸರು ಮುಪ್ಪಿನವರೆಗೂ ಒಬ್ಬರಿಗೊಬ್ಬರು ಬರೆದುಕೊಂಡರು.

ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಲೂಯಿಸಾಳ ಹತ್ತಿರವೇ. ಹದಿನೈದಕ್ಕೆ ಟಾಮ್ ಕೊನೊಲಿಯನ್ನು ಮದುವೆಯಾಗಿ ಕ್ಯಾಸಲ್‌ಟೌನ್ ಮನೆಗೆ ಬಂದಳು. ಮಕ್ಕಳಾಗಲಿಲ್ಲ. ಹಗರಣವಿಲ್ಲ, ಓಡಿಹೋದ ಕಥೆಯಿಲ್ಲ, ಹಾಗಾಗಿ ಕಥೆಗಾರರಿಗೆ ಅವಳು ಬೇಕಾಗಿಲ್ಲ. ಆ ಮನೆಯ ಒಂದು ಕೋಣೆಯ ಗೋಡೆ ತುಂಬ ಅವಳು ಕತ್ತರಿಸಿ ಅಂಟಿಸಿದ ಅಚ್ಚಿನ ಚಿತ್ರಗಳು ಇಂದಿಗೂ ಹಾಗೇ ಇವೆ. ಉದ್ದನೆಯ ಹಜಾರಕ್ಕೆ ವೆನಿಸ್‌ನಿಂದ ಬಣ್ಣದ ಗಾಜಿನ ತೂಗುದೀಪಗಳನ್ನು ತರಿಸಿದಳು. ಬಂದು ನೋಡಿದರೆ ಅವುಗಳ ನೀಲಿ, ಗೋಡೆಯ ನೀಲಿಗೆ ಹೊಂದುವುದಿಲ್ಲ. ಅದನ್ನೂ ಅಕ್ಕನಿಗೆ ಬರೆದು ಬೇಜಾರು ತೋಡಿಕೊಂಡಳು. ಗೋಡೆಯ ನೀಲಿ ಸರಿಹೋಗಲಿಲ್ಲ ಅಂತ ಬರೆಯುವವಳೇ ಸಾವಿನ ಸುದ್ದಿಯನ್ನೂ ಬರೆಯಬೇಕಾದವಳು.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1798ರ ಐರಿಷ್ ದಂಗೆಯಲ್ಲಿ ಈ ಮನೆತನ ಎರಡು ಹೋಳಾಯಿತು. ಎಮಿಲಿಯ ಮಗ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ಬಂಡಾಯಗಾರರ ಮುಂದಾಳು. ಲೂಯಿಸಾಳ ಗಂಡ ಸರ್ಕಾರದ ಕಡೆಯವನು. ಸಾರಾ ಅಷ್ಟರಲ್ಲಿ ಕರ್ನಲ್ ನೇಪಿಯರ್‌ನನ್ನು ಮದುವೆಯಾಗಿ ಲೂಯಿಸಾಳ ಊರಲ್ಲೇ ನೆಲೆಸಿದ್ದಳು, ಅವನೂ ಸೈನ್ಯದವನೇ. ಮೇ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಎಡ್ವರ್ಡ್ ಗುಂಡೇಟು ತಿಂದು ಸೆರೆಯಾದ. ಎಮಿಲಿ ಇಂಗ್ಲೆಂಡಿನಲ್ಲಿದ್ದಳು. ಎಡ್ವರ್ಡನ ಹೆಂಡತಿ ಪಮೇಲಾಳನ್ನು ದೇಶ ಬಿಟ್ಟು ಹೋಗು ಅಂತ ಸರ್ಕಾರ ಓಡಿಸಿತ್ತು. ಸಾಯುತ್ತಿದ್ದವನನ್ನು ನೋಡಲು ಚಿಕ್ಕಮ್ಮ ಲೂಯಿಸಾ ವೈಸ್‌ರಾಯ್ ಕ್ಯಾಮ್ಡೆನ್‌ನನ್ನು ಬೇಡಿಕೊಂಡಳು, ಆತ ಆಗುವುದಿಲ್ಲ ಅಂದ. ಚಾನ್ಸಲರ್ ಲಾರ್ಡ್ ಕ್ಲೇರ್ ಹತ್ತಿರ ಓಡಿದಳು. ದಂಗೆಕೋರರ ವಿರುದ್ಧ ಅತ್ಯಂತ ಕಠೋರನೆಂದು ಹೆಸರಾದ ಕ್ಲೇರ್ ತಾನೇ ಜೊತೆಗೆ ಬಂದು ಜೈಲಿನ ಬಾಗಿಲು ತೆಗೆಸಿದ. ಲೂಯಿಸಾ ಮತ್ತು ಎಡ್ವರ್ಡನ ಅಣ್ಣ ಹೆನ್ರಿ ಅವನನ್ನು ಕಂಡು ಮಾತಾಡಿದರು. ಕೆಲವೇ ಗಂಟೆಗಳ ನಂತರ, ಜೂನ್ 4ರ ನಸುಕಿನಲ್ಲಿ ಅವನು ಸತ್ತ. ಮಣ್ಣು ಮಾಡುವ ಏರ್ಪಾಟೂ ಲೂಯಿಸಾಳದೇ. ಒಂದೆಡೆ ಗಂಡನ ಪಕ್ಷ, ಇನ್ನೊಂದೆಡೆ ಅಕ್ಕನ ಮಗ. ಅವಳು ಯಾರನ್ನೂ ಬಿಟ್ಟುಕೊಡಲಿಲ್ಲ. ಅದೇ ತಿಂಗಳು ಅಲ್ಲಿಗೆ ಹೊಸ ವೈಸ್‌ರಾಯ್ ಆಗಿ ಬಂದವನು ಕಾರ್ನ್‌ವಾಲಿಸ್. ಹೌದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡವನೇ.

ಇವರೆಲ್ಲ ಹೊಟ್ಟೆತುಂಬಿದವರು, ಇವರ ಗೋಳು ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಐರ್ಲೆಂಡಿನ ಗೇಣಿದಾರರ ಬೆವರಿನ ಮೇಲೆಯೇ ಈ ಮನೆಗಳು ನಿಂತಿದ್ದು. ಎಮಿಲಿ ಕಾಗದ ಬರೆಯಲು ಕೂತಾಗ ಅವಳ ಮಕ್ಕಳ ಹಿಂದೆ ದಾದಿಯರು ಓಡಾಡುತ್ತಿದ್ದರು. ಸಾರಾಳಂತೆ ಎಡವಿದ ಬಡವರ ಮನೆಯ ಹೆಣ್ಣಿಗೆ ಗುಡ್‌ವುಡ್ ಇರಲಿಲ್ಲ. ಅದೇ ಸಾರಾಳ ಹಿರಿಮಗ ಚಾರ್ಲ್ಸ್ ನೇಪಿಯರ್ ಮುಂದೆ 1843ರಲ್ಲಿ ಸಿಂಧ್ ಪ್ರಾಂತ್ಯವನ್ನು ಕಿತ್ತುಕೊಂಡು ಬ್ರಿಟಿಷರ ಬುಟ್ಟಿಗೆ ಹಾಕಿದ. ಇದೆಲ್ಲ ಗೊತ್ತಿದ್ದೂ ಹೇಳುತ್ತೇನೆ: ಅಷ್ಟು ಸಂಪತ್ತಿದ್ದ ಹೆಂಗಸರಿಗೂ ಸ್ವಂತ ಮಗುವಿನ ಮೇಲೆ ಹಕ್ಕಿರಲಿಲ್ಲ. ಕಾನೂನು ಕೊಡದ ಆಸರೆಯನ್ನು ಅವರು ಒಬ್ಬರಿಗೊಬ್ಬರು ಕೊಟ್ಟುಕೊಂಡರು. ಮಕ್ಕಳಿಲ್ಲದ ಲೂಯಿಸಾ ಸಾರಾಳ ಒಬ್ಬ ಮಗಳನ್ನು ತನ್ನವಳಂತೆ ಸಾಕಿದಳು, ಕಡೆಗಾಲದಲ್ಲಿ ಊರಿನ ಬಡಮಕ್ಕಳಿಗೆ ಕೈಕಸುಬು ಕಲಿಸುವ ಶಾಲೆ ನಡೆಸಿದಳು.

ಇತಿಹಾಸದ ಪುಸ್ತಕಗಳಲ್ಲಿ ಕ್ಯಾರೊಲಿನ್‌ಳ ಮಗ ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸ್‌ಗೆ ಅಧ್ಯಾಯಗಳೇ ಇವೆ, ಎಡ್ವರ್ಡ್ ಐರ್ಲೆಂಡಿನ ಹುತಾತ್ಮ. ಇವರನ್ನು ಹೆತ್ತು ಹೊತ್ತು ಕೊನೆಗೆ ಮಣ್ಣು ಮಾಡಿದ ಹೆಂಗಸರಿಗೂ ಅಷ್ಟೇ ಜಾಗ ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಬ್ಲಿನ್ನಿನಲ್ಲಿ ಕೆಲಸದ ಮೇಲಿರುವ ನಮ್ಮ ಕನ್ನಡದವರು ಈ ಬರಹ ಓದುತ್ತಿದ್ದರೆ ಒಂದು ಮಾತು. ಕ್ಯಾಸಲ್‌ಟೌನ್ ಮನೆ ನಿಮಗೆ ಹತ್ತಿರದ ಸೆಲ್‌ಬ್ರಿಜ್‌ನಲ್ಲೇ ಇದೆ, ಈಗ ಸರ್ಕಾರದ ವಶದಲ್ಲಿದೆ. ಒಂದು ಭಾನುವಾರ ಅಕ್ಕನನ್ನೋ ತಂಗಿಯನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ ಬನ್ನಿ.