ಎಂಪಿಡಿ ಪ್ಯಾಕೇಜ್ ಕೆಟ್ಟಿಲ್ಲ, 777 ಕೊಡಬೇಡಿ

ನಮ್ಮ ಡೊಂಬಿವಲಿಯ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ: 'ಉಬುಂಟುವಿನ ಎಂಪಿಡಿ ಪ್ಯಾಕೇಜೇ ಸರಿ ಇಲ್ಲ, ಹಾಡು ಕಾಣೋದಿಲ್ಲ. ಹೋಮ್ ಫೋಲ್ಡರ್‌ಗೆ 777 ಕೊಡಿ.' ಇದು ತಪ್ಪು. ಎಂಪಿಡಿ (ಮ್ಯೂಸಿಕ್ ಪ್ಲೇಯರ್ ಡೀಮನ್) ಅಂದರೆ ಹಿನ್ನೆಲೆಯಲ್ಲಿ ಓಡುತ್ತಾ ಹಾಡು ನುಡಿಸುವ ಸರ್ವರ್; 777 ಅಂದರೆ ಫೋಲ್ಡರನ್ನು ಓದಲು, ಬರೆಯಲು, ಒಳಹೋಗಲು ಎಲ್ಲರಿಗೂ ಅನುಮತಿ.

ಪ್ಯಾಕೇಜ್ ಹಾಕಿದಾಗ ಈ ಮ್ಯೂಸಿಕ್ ಸರ್ವರ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ, 'ಎಂಪಿಡಿ' ಅನ್ನೋ ಬೇರೆ ಬಳಕೆದಾರನಾಗಿ ಓಡುತ್ತದೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಅನುಮತಿ 755 ಹೋಗಿ 750 ಆಗಿದೆ. ಅಂದರೆ ಹೊರಗಿನವರಿಗೆ ಬಾಗಿಲು ಬಂದ್. ಪಾಪ, ಸರ್ವರ್‌ಗೂ ಅಷ್ಟೇ.

ಪಕ್ಕದ ಮನೆಯ ಅಂಕಲ್ ಕ್ಯಾಸೆಟ್‌ನಿಂದ ಇಳಿಸಿದ ಯಕ್ಷಗಾನದ ಪದಗಳೂ ಹೀಗೇ ಮಾಯವಾಗಿದ್ದವು. ಲಾಗ್ ತೆರೆದರೆ 'ಪರ್ಮಿಷನ್ ಡಿನೈಡ್' ಅಂತ ಸಾಲುಸಾಲು. ಫೈಲುಗಳನ್ನು ಎಂಪಿಡಿಯ /var/lib/mpd/music ಫೋಲ್ಡರ್‌ಗೆ ಹಾಕಿ, ಎಲ್ಲರೂ ಓದುವಂತೆ ಮಾಡಿ, ಡೇಟಾಬೇಸ್ ಅಪ್‌ಡೇಟ್ ಕೊಟ್ಟೆವು. ಚಹಾ ಆರುವ ಮೊದಲೇ ಚೆಂಡೆ ಕೇಳಿಸಿತು!

777 ಕೊಟ್ಟರೆ ಹಾಡೇನೋ ಬರಬಹುದು. ಆದರೆ ಆ ಯಂತ್ರದ ಯಾರು ಬೇಕಾದರೂ ನಿಮ್ಮ ಹೋಮ್‌ನಲ್ಲಿ ಬರೆಯಬಹುದು, ಅಳಿಸಬಹುದು. ಪಾಸ್‌ವರ್ಡ್ ಬದಲು ಕೀ ಫೈಲ್ ಬಳಸಿ ದೂರದಿಂದ ಒಳಬರುವ ಎಸ್‌ಎಸ್‌ಎಚ್ ಕೀ ಲಾಗಿನ್ ಕೂಡ ಸಾಮಾನ್ಯವಾಗಿ ಕೈಕೊಡುತ್ತದೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಹೋಮ್ ಫೋಲ್ಡರನ್ನು 750ಕ್ಕೆ ತನ್ನಿ.