ಹಿಮಕ್ಕಿಂತ ಮಳೆಯೇ ವಾಸಿ

ಋತುಗಳ ಮೂಲಕ ಇಂಗ್ಲಿಷಿನ ಕ್ರಿಯಾರೂಪ ಕಲಿಸಬೇಕೆನ್ನುವ ಲೇಖನವೊಂದನ್ನು ಓದಿದೆ. ಆ ವಿಚಾರ ಒಳ್ಳೆಯದೇ. ಆದರೆ ‘ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್‌ನಿಂದಲೇ ಶುರು ಮಾಡಿ’ ಎಂಬ ಲೇಖಕರ ಸಲಹೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹೊಂದುವುದಿಲ್ಲ. ಬದಿಯಡ್ಕದ ಮಗು ಹಿಮ ಬೀಳುವುದನ್ನು ಎಲ್ಲಿ ನೋಡಬೇಕು? ನಮ್ಮಲ್ಲಿ ಶಾಲೆ ತೆರೆಯುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಟ್ಟಿಗೇ. ಪ್ರತಿವರ್ಷದ ಮಾತಿಗೆ ‘ಇಟ್ ರೈನ್ಸ್ ಇನ್ ಜೂನ್’, ಕಿಟಕಿಯಾಚೆ ಸುರಿಯುತ್ತಿರುವುದಕ್ಕೆ ‘ಇಟ್ ಈಸ್ ರೈನಿಂಗ್’. ಬೇರೆ ಚಿತ್ರಪಟ ಯಾಕೆ?

ನಿಜವಾದ ತೊಡಕು ‘ಸ್ಪ್ರೇಡ್’ (sprayed, ಸಿಂಪಡಿಸಿದೆವು) ಮತ್ತು ‘ಹ್ಯಾವ್ ಸ್ಪ್ರೇಡ್’ (have sprayed, ಸಿಂಪಡಿಸಿದ್ದೇವೆ) ನಡುವಿನದು. ಅದಕ್ಕೂ ಅಡಿಕೆ ತೋಟ ಸಾಕು. ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಮಳೆಗೆ ಮುನ್ನ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಸಿಂಪಡಿಸುತ್ತೇವೆ. ಯಾವಾಗ ಎಂದು ಹೇಳಿದರೆ ‘ವಿ ಸ್ಪ್ರೇಡ್ ಇನ್ ಮೇ’. ದಿನ ಹೇಳದೆ, ಕೆಲಸ ಮುಗಿದಿದೆ, ಇನ್ನು ಮಳೆ ಬರಲಿ ಎನ್ನುವಾಗ ‘ವಿ ಹ್ಯಾವ್ ಸ್ಪ್ರೇಡ್’. ಎರಡನ್ನೂ ಬೆರೆಸಿ ‘ಹ್ಯಾವ್ ಸ್ಪ್ರೇಡ್ ಇನ್ ಮೇ’ ಎಂದು ಬರೆಯುವವರಲ್ಲಿ ಮಕ್ಕಳಷ್ಟೇ ಅಲ್ಲ, ಮೇಷ್ಟ್ರುಗಳೂ ಇದ್ದಾರೆ! ಎರಡನೇ ಮದ್ದು 40–45 ದಿನಗಳ ಬಳಿಕ. ‘ವಿ ವಿಲ್ ಸ್ಪ್ರೇ ಅಗೈನ್’ ಕೂಡ ಅದೇ ತೋಟದಲ್ಲಿ ಸಿಗುತ್ತದೆ.